ಡ್ರೈವ್ ಬದಲಾದ ಮೇಲೆ ಏಳದ ವಿಎಂ: ಸೆಕ್ಟರ್ ಅಳತೆಯ ದೋಷ ಹುಡುಕುವ ಬಗೆ

ಮೈಸೂರಿನ ಮುದ್ರಣಾಲಯಗಳಲ್ಲಿ, ಮಂಡ್ಯದ ಬೆಲ್ಲದ ಮಂಡಿಗಳಲ್ಲಿ ಇಂದಿಗೂ ಒಂದೊಂದು ಹಳೆಯ ವಿಂಡೋಸ್ ಉಸಿರು ಹಿಡಿದುಕೊಂಡಿದೆ. ಲಗ್ನಪತ್ರಿಕೆಗಳ ಪೇಜ್‌ಮೇಕರ್ ಕಡತಗಳೆಲ್ಲ ಹಳೆಯ ನುಡಿ ಫಾಂಟ್‌ಗಳಲ್ಲಿವೆ; ಮಂಡಿಯ ಲೆಕ್ಕದ ತಂತ್ರಾಂಶ ಬರೆದುಕೊಟ್ಟವರು ಈಗ ಎಲ್ಲಿದ್ದಾರೋ ಯಾರಿಗೂ ತಿಳಿಯದು. ಹೀಗಾಗಿ ಹಳೆಯ ಕಂಪ್ಯೂಟರ್ ಗುಜರಿಗೆ ಹೋದರೂ ಅದರ ಡಿಸ್ಕ್ ಮಾತ್ರ ವರ್ಚುವಲ್ ಮಷೀನ್ ಆಗಿ, ಎಲ್ಲರ ಬಾಯಲ್ಲಿ ವಿಎಂ ಆಗಿ, ಹೊಸ ಯಂತ್ರದೊಳಗೆ ದುಡಿಯುತ್ತಿರುತ್ತದೆ. ತೊಂದರೆ ಶುರುವಾಗುವುದು ಕೆಳಗಿರುವ ಡ್ರೈವ್ ಬದಲಾದ ದಿನ. ನಕಲು ಪೂರ್ತಿಯಾಗಿದೆ, ಎಲ್ಲೂ ದೋಷ ಸಂದೇಶ ಬಂದಿಲ್ಲ. ಆದರೂ ವಿಎಂ ಬೂಟ್ ಆಗುವುದಿಲ್ಲ, ಅಥವಾ ಡಿಸ್ಕ್ ಪೂರ್ತಿ ಖಾಲಿ ಎಂದು ತೋರಿಸುತ್ತದೆ, ಇಲ್ಲವೇ ಎಲ್ಲ ಸರಿಯಿದ್ದೂ ಆಮೆಯಂತೆ ನಡೆಯುತ್ತದೆ.

“ಸರ್, ಡಿಸ್ಕ್ ಫಾರ್ಮ್ಯಾಟ್ ಮಾಡಲೇ ಎಂದು ಕೇಳುತ್ತಿದೆ. ಹೌದು ಎನ್ನಲೇ?” ಎಂದು ಫೋನ್ ಬಂದರೆ ಕೊಡಬೇಕಾದ ಉತ್ತರ ಒಂದೇ: “ಬೇಡಪ್ಪ, ರದ್ದು ಮಾಡು, ಇನ್ನೇನನ್ನೂ ಒತ್ತಬೇಡ.” ಆ ಘಳಿಗೆಯವರೆಗೆ ಮಾಹಿತಿ ಸುರಕ್ಷಿತವಾಗಿಯೇ ಇರುತ್ತದೆ. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದ ಕೂಡಲೇ ‘ಇನಿಶಿಯಲೈಸ್’ ಮಾಡಿ ಎಂದು ಕೇಳುವ ಪೆಟ್ಟಿಗೆ ಇನ್ನೂ ಅಪಾಯಕಾರಿ. ಅದಕ್ಕೆ ಒಪ್ಪಿದರೆ ಡಿಸ್ಕ್‌ನ ಆರಂಭದಲ್ಲಿ ಹೊಸ ಪಾರ್ಟಿಷನ್ ಪಟ್ಟಿ, ಅಂದರೆ ಡಿಸ್ಕ್‌ನ ಯಾವ ಭಾಗ ಎಲ್ಲಿಂದ ಎಲ್ಲಿಯವರೆಗೆ ಎಂದು ಹೇಳುವ ಪಟ್ಟಿ, ಬರೆಯಲಾಗುತ್ತದೆ. ದೋಷ ಏನೆಂದು ಹೇಳಬಲ್ಲ ಸಾಕ್ಷ್ಯವೇ ಅಳಿಸಿಹೋಗುತ್ತದೆ.

ಅಳತೆ ಹೇಳುತ್ತಿರುವವರು ಯಾರು?

ಡಿಸ್ಕ್ ಒಂದು ಸಲಕ್ಕೆ ಓದುವ, ಬರೆಯುವ ಅತಿ ಚಿಕ್ಕ ತುಂಡಿಗೆ ಸೆಕ್ಟರ್ ಎನ್ನುತ್ತಾರೆ. ಹಳೆಯ ಡ್ರೈವ್ ಮತ್ತು ಹೊಸ ಡ್ರೈವ್‌ಗಳ ಸೆಕ್ಟರ್ ಅಳತೆ ಬೇರೆಯಾದಾಗ ಮೇಲೆ ಹೇಳಿದಂತೆ ಆಗಬಹುದು. ಈ ದೋಷದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಇದು: ಒಳಗಿನ ವಿಂಡೋಸ್‌ಗೋ ಲಿನಕ್ಸ್‌ಗೋ ‘ನಿನ್ನ ಡಿಸ್ಕ್‌ನ ಒಂದು ಸೆಕ್ಟರ್ ಇಷ್ಟು ಬೈಟ್’ ಎಂದು ಹೇಳುತ್ತಿರುವವರು ಯಾರು? ವಿಎಂನ ಇಡೀ ಡಿಸ್ಕನ್ನು ಒಂದೇ ಕಡತವಾಗಿ ಹಿಡಿದಿಟ್ಟ ಇಮೇಜ್ ಫೈಲ್ ಹೇಳುತ್ತಿದೆ ಎಂದು ಬಹುತೇಕರು ಊಹಿಸುತ್ತಾರೆ. ಡಿಸ್ಕ್‌ನ ಬೈಟ್‌ಗಳ ನೇರ ಪ್ರತಿಯಾದ ರಾ ಇಮೇಜ್ ಆಗಲಿ, ಕ್ಯೂಎಮು ಎಂಬ ವಿಎಂ ತಂತ್ರಾಂಶದ ಕ್ಯೂಕೌ2 ಬಗೆಯ ಇಮೇಜ್ ಆಗಲಿ ಅದನ್ನು ಹೇಳುವುದಿಲ್ಲ. ಅವುಗಳೊಳಗೆ ಇರುವುದು ಬೈಟ್‌ಗಳು ಮಾತ್ರ. ಆ ಬೈಟ್‌ಗಳನ್ನು 512ರ ಕಟ್ಟುಗಳಾಗಿ ಎಣಿಸಬೇಕೋ 4096ರ ಕಟ್ಟುಗಳಾಗಿಯೋ ಎಂಬುದನ್ನು ನಿರ್ಧರಿಸುವುದು ವಿಎಂ ನಡೆಸುವ ತಂತ್ರಾಂಶ, ಅಥವಾ ಡಿಸ್ಕ್ ನೇರವಾಗಿ ಜೋಡಣೆಯಾಗಿದ್ದರೆ ಆ ಡಿಸ್ಕ್, ಅಥವಾ ನಡುವೆ ಕುಳಿತ ಯುಎಸ್‌ಬಿ ಪೆಟ್ಟಿಗೆ. ಮೈಕ್ರೋಸಾಫ್ಟ್‌ನ ಹೈಪರ್-ವಿ ಬಳಸುವ ವಿಎಚ್‌ಡಿಎಕ್ಸ್ ಇಮೇಜ್ ಇದಕ್ಕೆ ಅಪವಾದ. ಅದರ ಮಾತು ಮುಂದೆ ಬರುತ್ತದೆ.

ಡ್ರೈವ್‌ಗಳಲ್ಲಿ ಮೂರು ಜಾತಿ. ಹಳೆಯವು ಒಳಗೂ ಹೊರಗೂ 512 ಬೈಟ್‌ನವು. 2011ರ ಆಸುಪಾಸಿನಿಂದ ಮಾರುಕಟ್ಟೆಯನ್ನು ತುಂಬಿದವು 512ಇ: ತಟ್ಟೆಯ ಮೇಲೆ 4096 ಬೈಟ್‌ಗಳ ಸೆಕ್ಟರ್, ಕಂಪ್ಯೂಟರ್‌ಗೆ ಹೇಳುವುದು ಮಾತ್ರ 512 ಎಂದು. ಮೂರನೆಯದು 4ಕೆಎನ್, ಒಳಗೂ 4096, ಹೊರಗೂ 4096, ಮುಚ್ಚುಮರೆಯಿಲ್ಲ. ಮೊದಲ ಎರಡರ ನಡುವೆ ಓಡಾಡಿದರೆ ವೇಗ ಕೆಡಬಹುದು, ಬೂಟ್ ಕೆಡುವುದಿಲ್ಲ. ಮೂರನೆಯದು ಸೇರಿಕೊಂಡಾಗಲೇ ಡಿಸ್ಕ್ ‘ಖಾಲಿ’ಯಾಗುವುದು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಅಗ್ಗಕ್ಕೆ ತರುವ, ಸರ್ವರ್‌ನಿಂದ ಬಿಚ್ಚಿದ ದೊಡ್ಡ ಡ್ರೈವ್‌ಗಳಲ್ಲಿ ಈ ಜಾತಿಯವೂ ಇರುತ್ತವೆ. ಮೇಲಿನ ಚೀಟಿಯಲ್ಲಿ 4ಕೆಎನ್ ಎಂದು ಬರೆದಿದೆಯೇ ನೋಡಿಕೊಳ್ಳುವುದು ಒಳ್ಳೆಯದು.

ಲಿನಕ್ಸ್‌ನಲ್ಲಿ ಎಲ್‌ಎಸ್‌ಬಿಎಲ್‌ಕೆ ಕಮಾಂಡ್‌ಗೆ ಲಾಗ್-ಸೆಕ್ ಮತ್ತು ಫೈ-ಸೆಕ್ ಎಂಬ ಎರಡು ಕಾಲಂ ಕೇಳಿದರೆ ತಾರ್ಕಿಕ ಅಳತೆ, ಭೌತಿಕ ಅಳತೆ ಎರಡೂ ಪಕ್ಕಪಕ್ಕದಲ್ಲಿ ಬರುತ್ತವೆ. ವಿಂಡೋಸ್ 8ರ ನಂತರದವುಗಳಲ್ಲಿ ಎಫ್‌ಎಸ್‌ಯುಟಿಲ್‌ನ ಸೆಕ್ಟರ್‌ಇನ್ಫೋ ಇದೇ ಕೆಲಸ ಮಾಡುತ್ತದೆ. ಇದನ್ನು ಎರಡು ಕಡೆ ಓಡಿಸಬೇಕು: ಹೊರಗಿನ ಹೋಸ್ಟ್‌ನಲ್ಲಿ ಒಮ್ಮೆ, ಒಳಗಿನ ಗೆಸ್ಟ್‌ನಲ್ಲಿ ಒಮ್ಮೆ. ಗೆಸ್ಟ್ ಏಳುತ್ತಲೇ ಇಲ್ಲವಾದರೆ ಸ್ಥಾಪಿಸದೆಯೇ ಓಡುವ ಲಿನಕ್ಸ್‌ನ ಲೈವ್ ಐಎಸ್‌ಒ ಒಂದನ್ನು ಅದೇ ವಿಎಂಗೆ ಕೊಟ್ಟು ಅದರೊಳಗಿನಿಂದ ನೋಡಬಹುದು. ಹೋಸ್ಟ್ ಹೇಳಿದ ಸಂಖ್ಯೆಯನ್ನೇ ಗೆಸ್ಟ್ ಕೂಡ ಹೇಳುತ್ತದೆ ಎಂದುಕೊಂಡು ಮುಂದೆ ಹೋದವರು ಅರ್ಧ ದಿನ ಕಳೆದುಕೊಳ್ಳುತ್ತಾರೆ.

ಫೈಲ್ ಆಗಿ ಹೋಯಿತೇ, ಡಿಸ್ಕ್ ಆಗಿ ಹೋಯಿತೇ?

ಎರಡನೆಯ ಪ್ರಶ್ನೆ ಇದು. ಇಮೇಜ್ ಫೈಲನ್ನು ಒಂದು ಡ್ರೈವ್‌ನ ಫೋಲ್ಡರ್‌ನಿಂದ ಇನ್ನೊಂದರ ಫೋಲ್ಡರ್‌ಗೆ ನಕಲು ಮಾಡಿದ್ದರೆ ಸೆಕ್ಟರ್ ಅಳತೆಯ ಮೇಲೆ ಅನುಮಾನ ಪಡಲು ಹೆಚ್ಚು ಕಾರಣವಿಲ್ಲ. ನಡುವೆ ಫೈಲ್ ವ್ಯವಸ್ಥೆ ಇದೆ. ಕೆಳಗೆ 4ಕೆಎನ್ ಇದ್ದರೂ ಕ್ಯೂಎಮು ತನ್ನ ಗೆಸ್ಟ್‌ಗೆ ತಾನಾಗಿಯೇ ಹೇಳುವುದು 512 ಎಂದೇ. ವಿಎಂವೇರ್‌ನ ವಿಸ್ಫಿಯರ್ ಕೂಡ 6.7ರ ಆವೃತ್ತಿಯಿಂದ 4ಕೆಎನ್ ಹಾರ್ಡ್ ಡಿಸ್ಕ್‌ಗಳನ್ನು ಒಪ್ಪಿಕೊಂಡು ಗೆಸ್ಟ್‌ಗೆ 512 ಎಂದು ತೋರಿಸುತ್ತದೆ. ಇಂಥಲ್ಲಿ ಮೊದಲು ಎರಡೂ ಫೈಲ್‌ಗಳ ಚೆಕ್‌ಸಮ್ ಹೋಲಿಸಿ ನಕಲು ಅರ್ಧಕ್ಕೆ ನಿಂತಿಲ್ಲವೆಂದು ಖಚಿತಪಡಿಸಿಕೊಳ್ಳಿ. ಆಮೇಲೆ ವಿಎಂ ಹೊಸದಾಗಿ ರಚಿಸುವಾಗ ಹಳೆಯ ಬೂಟ್ ವಿಧಾನವಾದ ಬಯಾಸ್ ಬದಲು ಹೊಸದಾದ ಯುಇಎಫ್‌ಐ ಆಯ್ಕೆಯಾಗಿದೆಯೇ, ಹಳೆಯ ಐಡಿಇ ಜೋಡಣೆ ಇದ್ದ ಡಿಸ್ಕ್‌ಗೆ ವಿಎಂಗಳಿಗೆಂದೇ ಮಾಡಿದ ವರ್ಟ್‌ಐಒ ಜೋಡಣೆ ಕೊಟ್ಟಿದ್ದೀರಾ ಎಂದು ನೋಡಿ. ವಿಂಡೋಸ್ ಎಕ್ಸ್‌ಪಿಯ ನೀಲಿ ಪರದೆಗೆ ಬಹಳ ಸಲ ಕಾರಣ ಇದೇ. ಪಾಪ, ಡ್ರೈವ್ ಬೈಗುಳ ತಿನ್ನುತ್ತಿರುತ್ತದೆ.

ಫೈಲ್ ದಾರಿಯಲ್ಲಿ ನಿಜವಾಗಿ ಸೆಕ್ಟರ್‌ನಿಂದಲೇ ಬರುವ ದೋಷ ಒಂದಿದೆ. ವಿಎಂನ ಕ್ಯಾಶ್ ಆಯ್ಕೆ ‘ನನ್’ ಎಂದಿದ್ದರೆ ಕ್ಯೂಎಮು ಹೋಸ್ಟ್‌ನ ಮೆಮೊರಿಯನ್ನು ಬಳಸಿ ಹೋಗದೆ ಡ್ರೈವ್‌ನೊಂದಿಗೆ ನೇರ ವ್ಯವಹಾರ ಮಾಡುತ್ತದೆ. ಆಗ ಕೆಳಗಿರುವುದು 4ಕೆಎನ್ ಡ್ರೈವ್ ಆಗಿದ್ದರೆ ಪ್ರತಿ ಓದು, ಪ್ರತಿ ಬರಹ 4096ರ ಗಡಿಗೆ ಕೂತಿರಬೇಕು. ರಾ ಇಮೇಜ್‌ನ ಒಟ್ಟು ಉದ್ದವೇ 4096ರಿಂದ ಭಾಗವಾಗದಿದ್ದರೆ ಬಾಲದ ತುಂಡು ಹೊರಗುಳಿಯುತ್ತದೆ. ಇಮೇಜ್‌ನ ಉದ್ದ ಹೊಂದಾಣಿಕೆಯಾಗುತ್ತಿಲ್ಲ, ಬರೆಯುವ ಅನುಮತಿ ಕೊಡಲಾಗದು ಎಂಬ ಅರ್ಥದ ಸಂದೇಶ ಕೊಟ್ಟು ಕ್ಯೂಎಮು ನಿಂತುಬಿಡುತ್ತದೆ. ಎಕ್ಸ್‌ಪಿ ಕಾಲದ ಪಾರ್ಟಿಷನ್ ಒಂದನ್ನೇ ಕತ್ತರಿಸಿ ತೆಗೆದ ಇಮೇಜ್‌ಗಳಲ್ಲಿ ಇದು ಸಹಜ. ಆ ಕಾಲದವರು 255ನ್ನು 63ರಿಂದ ಗುಣಿಸಿದ 16,065 ಸೆಕ್ಟರ್‌ಗಳ ಸಿಲಿಂಡರ್ ಲೆಕ್ಕದಲ್ಲಿ ಪಾರ್ಟಿಷನ್ ಹಾಕುತ್ತಿದ್ದರು. 512ರ ಎಂಟು ಸೆಕ್ಟರ್ ಸೇರಿದರೆ 4096. ಇದೋ ಬೆಸ ಸಂಖ್ಯೆ, ಹೀಗೆ ಹಾಕಿದ ಉದ್ದ 8ರಿಂದ ಭಾಗವಾಗುವುದು ಅಪರೂಪ. ಪರಿಹಾರ ಸುಲಭ: ವಿಎಂ ನಿಲ್ಲಿಸಿ, ಇಮೇಜ್‌ನ ಪ್ರತಿ ಇಟ್ಟುಕೊಂಡು, ಟ್ರಂಕೇಟ್ ಕಮಾಂಡ್‌ನ ಅಳತೆಯ ಆಯ್ಕೆಗೆ ‘%4096’ ಎಂದು ಕೊಡಿ. ಉದ್ದ ಮುಂದಿನ ಗುಣಕಕ್ಕೆ ಏರುತ್ತದೆ, ಒಳಗಿನದಕ್ಕೆ ಏನೂ ಆಗುವುದಿಲ್ಲ. ಜಿಪಿಟಿ ಎಂಬ ಹೊಸ ಬಗೆಯ ಪಾರ್ಟಿಷನ್ ಪಟ್ಟಿಯಿರುವ ಇಡೀ ಡಿಸ್ಕ್‌ನ ಇಮೇಜ್ ಆಗಿದ್ದರೆ ಕೊನೆಯ ಸೆಕ್ಟರ್‌ನಲ್ಲಿರಬೇಕಾದ ಪಟ್ಟಿಯ ಮರುಪ್ರತಿ ಈಗ ಕೊನೆಯಲ್ಲಿ ಉಳಿಯುವುದಿಲ್ಲ. ಎಸ್‌ಜಿಡಿಸ್ಕ್‌ನ ‘ಇ’ ಆಯ್ಕೆ ಅದನ್ನು ಹೊಸ ಕೊನೆಗೆ ಸರಿಸುತ್ತದೆ.

ಡಿಸ್ಕ್ ಆಗಿ ಹೋದಾಗ

ಇಮೇಜನ್ನು ಡಿಡಿ ಕಮಾಂಡ್‌ನಿಂದ ಇಡೀ ಡ್ರೈವ್‌ನ ಮೇಲೆ ಸುರಿದಿದ್ದರೆ, ಅಥವಾ ಇಡೀ ಡ್ರೈವನ್ನು ಇಮೇಜ್ ಮಾಡಿ ತೆಗೆದಿದ್ದರೆ, ಸೆಕ್ಟರ್ ಅಳತೆಯೇ ಮೊದಲ ಆರೋಪಿ. ಪಾರ್ಟಿಷನ್ ಪಟ್ಟಿಯಲ್ಲಿ ಬರೆದಿರುವುದು ಬೈಟ್‌ಗಳ ಲೆಕ್ಕವಲ್ಲ, ಸೆಕ್ಟರ್‌ಗಳ ಲೆಕ್ಕ. ರಾಗಿಯ ರಾಶಿ ಅಷ್ಟೇ ಇದೆ, ಅಳೆಯುವ ಸೇರು ಹೋಗಿ ಕೊಳಗ ಬಂದಿದೆ. ಎರಡನೆಯ ಸೇರಿನಲ್ಲಿ ಇಟ್ಟದ್ದನ್ನು ಎರಡನೆಯ ಕೊಳಗದಲ್ಲಿ ಹುಡುಕಿದರೆ ಸಿಗುವುದಿಲ್ಲ. ಜಿಪಿಟಿಯ ತಲೆಬರಹ ಇರುವುದು ಒಂದನೇ ಸಂಖ್ಯೆಯ ಸೆಕ್ಟರ್‌ನಲ್ಲಿ, ಎಣಿಕೆ ಸೊನ್ನೆಯಿಂದ. 512ರ ಡಿಸ್ಕ್‌ನಲ್ಲಿ ಅದು 512ನೇ ಬೈಟ್‌ನಿಂದ ಶುರು, 4ಕೆಎನ್‌ನಲ್ಲಿ 4096ನೇ ಬೈಟ್‌ನಿಂದ.

ಇದನ್ನು ಕಣ್ಣಾರೆ ನೋಡಬಹುದು, ಊಹೆಯೇ ಬೇಡ. ಡ್ರೈವ್‌ನ ಮೊದಲ 8192 ಬೈಟ್‌ಗಳನ್ನು ಹೆಕ್ಸ್‌ಡಂಪ್‌ಗೆ ದೊಡ್ಡಕ್ಷರದ ‘ಸಿ’ ಆಯ್ಕೆ ಕೊಟ್ಟು ತೆರೆಯಿರಿ. ಎಡಗಡೆ ವಿಳಾಸಗಳ ಕಾಲಂ ಇರುತ್ತದೆ. 45 46 49 20 50 41 52 54 ಎಂಬ ಎಂಟು ಬೈಟ್‌ಗಳ ಸಾಲನ್ನು ಹುಡುಕಿ. ಜಿಪಿಟಿಯ ಸಹಿ ಅದು. ಆ ಸಾಲಿನ ವಿಳಾಸ 00000200 ಆಗಿದ್ದರೆ ಪಟ್ಟಿ 512ರ ಲೆಕ್ಕದಲ್ಲಿ ಹುಟ್ಟಿದ್ದು. 00001000 ಆಗಿದ್ದರೆ 4096ರ ಲೆಕ್ಕದ್ದು. ಈಗ ಡ್ರೈವ್ ಹೇಳುತ್ತಿರುವ ತಾರ್ಕಿಕ ಅಳತೆಯೊಂದಿಗೆ ಇದನ್ನು ಹೋಲಿಸಿ. ಎರಡೂ ಬೇರೆಯಾಗಿದ್ದರೆ ದೋಷ ಸಿಕ್ಕಿತು. ಒಂದೇ ಆಗಿದ್ದರೆ ಸೆಕ್ಟರ್‌ನ ಬೆನ್ನು ಬಿಟ್ಟು ಬೇರೆ ಕಡೆ ಹುಡುಕಿ. ಎರಡೂ ವಿಳಾಸಗಳಲ್ಲಿ ಸಹಿ ಕಂಡರೆ ಯಾರೋ ಈಗಾಗಲೇ ‘ಇನಿಶಿಯಲೈಸ್’ ಒತ್ತಿರುವ ಸಾಧ್ಯತೆಯಿದೆ, ಎದುರಿಗಿರುವವರನ್ನು ಮೆತ್ತಗೆ ಕೇಳಿ.

ಎಂಬಿಆರ್ ಎಂಬ ಹಳೆಯ ಬಗೆಯ ಪಟ್ಟಿಯಿರುವ ಡಿಸ್ಕ್‌ಗಳಲ್ಲಿ ಈ ಸಹಿ ಇರುವುದಿಲ್ಲ. ಅಲ್ಲಿ ಮೊದಲ ಪಾರ್ಟಿಷನ್ ಎಲ್ಲಿಂದ ಶುರು ಎಂಬ ಸಂಖ್ಯೆ 454ನೇ ಬೈಟ್‌ನಲ್ಲಿ ಕೂತಿರುತ್ತದೆ. ಎಕ್ಸ್‌ಪಿ ಹಾಕಿದ ಡಿಸ್ಕ್ ಆದರೆ ಅದು 63.

ಸಿಕ್ಕ ಮೇಲೆ ಏನು ಮಾಡುವುದು? ಡ್ರೈವ್‌ನಲ್ಲಿರುವುದನ್ನು ಮತ್ತೆ ಫೈಲ್ ಮಾಡಿಕೊಳ್ಳಿ ಎಂಬುದು ನನ್ನ ಸಲಹೆ. ಕ್ಯೂಎಮು-ಐಎಂಜಿಯ ಕನ್ವರ್ಟ್ ಕಮಾಂಡ್‌ಗೆ ಮೂಲ ರಾ ಎಂದು ಹೇಳಿ, ಆ ಡ್ರೈವನ್ನೇ ಮೂಲವಾಗಿ ಕೊಟ್ಟು, ಇನ್ನೊಂದು ಡ್ರೈವ್‌ನಲ್ಲಿ ಕ್ಯೂಕೌ2 ಫೈಲ್ ಬರೆಸಿ, ಅದನ್ನು ವಿಎಂಗೆ ಜೋಡಿಸಿದರೆ ಗೆಸ್ಟ್‌ಗೆ 512 ಎಂಬ ಉತ್ತರ ಸಿಗುತ್ತದೆ, ಪಟ್ಟಿ ಓದಲು ಬರುತ್ತದೆ, ವಿಎಂ ಏಳುತ್ತದೆ. ವಿಎಂ ಬೇಡ, ಒಳಗಿನ ಕಡತಗಳಷ್ಟೇ ಬೇಕು ಎಂದಾದರೆ ಲೋಸೆಟಪ್‌ಗೆ ಸೆಕ್ಟರ್-ಸೈಜ್ 512 ಎಂದು ಹೇಳಿ, ಓದಲು ಮಾತ್ರ, ಪಾರ್ಟಿಷನ್ ಹುಡುಕು ಎಂಬ ಎರಡು ಆಯ್ಕೆಗಳೊಂದಿಗೆ ಆ ಡ್ರೈವನ್ನು ಲೂಪ್ ಸಾಧನವಾಗಿ ತೆರೆಯಿರಿ. ಪಾರ್ಟಿಷನ್‌ಗಳು ಸಾಲಾಗಿ ಕಾಣಿಸಿಕೊಳ್ಳುತ್ತವೆ. 4ಕೆಎನ್‌ನಿಂದ ತೆಗೆದ ಇಮೇಜ್ ಆಗಿದ್ದರೆ ಇದೇ ಕಮಾಂಡ್‌ಗೆ 4096 ಕೊಡಬೇಕು.

ಪಟ್ಟಿಯನ್ನೇ ತಿದ್ದಿ ಬರೆಯುವ ದಾರಿಯೂ ಇದೆ. ಲೆಕ್ಕ ಕಷ್ಟವಲ್ಲ: 512ರ ಲೆಕ್ಕದ ಸಂಖ್ಯೆಯನ್ನು 8ರಿಂದ ಭಾಗಿಸಿದರೆ 4096ರ ಲೆಕ್ಕದ್ದು. 2048ರಲ್ಲಿ ಶುರುವಾಗಿ 10,48,576 ಸೆಕ್ಟರ್ ಉದ್ದದ, ಅಂದರೆ 512 ಎಂಐಬಿಯ ಪಾರ್ಟಿಷನ್ ಈಗ 256ರಲ್ಲಿ ಶುರುವಾಗಿ 1,31,072 ಸೆಕ್ಟರ್ ಉದ್ದವಾಗುತ್ತದೆ. ಅದರ ಬೆನ್ನಿಗಿರುವ, 10,50,624ರಲ್ಲಿದ್ದ ಮುಂದಿನದು 1,31,328ಕ್ಕೆ ಬರುತ್ತದೆ. ಆದರೆ ಎಕ್ಸ್‌ಪಿಯ 63ನ್ನು 8ರಿಂದ ಭಾಗಿಸಿ ನೋಡಿ: 7.875. 4ಕೆಎನ್ ಡಿಸ್ಕ್‌ನ ಪಟ್ಟಿಯಲ್ಲಿ ಅಂಥ ಆರಂಭವನ್ನು ಬರೆಯಲು ಜಾಗವೇ ಇಲ್ಲ. ಮುದ್ರಣಾಲಯದ ಎಕ್ಸ್‌ಪಿಯನ್ನು 4ಕೆಎನ್ ಡ್ರೈವ್‌ನ ಮೇಲೆ ನೇರವಾಗಿ ಸುರಿದು ಓಡಿಸುವ ಆಸೆಯನ್ನು ಅಲ್ಲಿಗೇ ಬಿಡಬೇಕು. ವಿಂಡೋಸ್ 7ಕ್ಕೂ 4ಕೆಎನ್ ಬೆಂಬಲವಿಲ್ಲ. ಅದು ಬಂದದ್ದು ವಿಂಡೋಸ್ 8 ಮತ್ತು ಸರ್ವರ್ 2012ರಿಂದ.

ಪಟ್ಟಿ ಸರಿಹೋದ ಮಾತ್ರಕ್ಕೆ ಒಳಗಿನ ಫೈಲ್ ವ್ಯವಸ್ಥೆ ಒಪ್ಪುತ್ತದೆ ಎಂದೂ ಇಲ್ಲ. ಎನ್‌ಟಿಎಫ್‌ಎಸ್ ಮತ್ತು ಫ್ಯಾಟ್ ತಮ್ಮ ಮೊದಲ ಸೆಕ್ಟರ್‌ನಲ್ಲೇ ‘ಒಂದು ಸೆಕ್ಟರ್‌ಗೆ ಇಷ್ಟು ಬೈಟ್’ ಎಂದು ಬರೆದಿಟ್ಟುಕೊಂಡಿರುತ್ತವೆ. ಅಲ್ಲಿ 512 ಎಂದಿದ್ದು ಡ್ರೈವ್ 4096 ಎಂದರೆ ವಿಂಡೋಸ್ ಆ ಪಾರ್ಟಿಷನ್ನನ್ನು ‘ರಾ’, ಅಂದರೆ ಗುರುತು ಸಿಗದ್ದು, ಎಂದು ತೋರಿಸುತ್ತದೆ, ಲಿನಕ್ಸ್ ಫ್ಯಾಟ್‌ನ ತಾರ್ಕಿಕ ಸೆಕ್ಟರ್ ತೀರ ಚಿಕ್ಕದು ಎಂದು ದೂರುತ್ತದೆ. ಯುಇಎಫ್‌ಐ ಬೂಟ್ ಪಾರ್ಟಿಷನ್ ಯಾವಾಗಲೂ ಫ್ಯಾಟ್ ಆದ್ದರಿಂದ ಅದನ್ನು ಮತ್ತೆ ಫಾರ್ಮ್ಯಾಟ್ ಮಾಡಿ ಕಡತಗಳನ್ನು ವಾಪಸ್ ಹಾಕದೆ ಗತಿಯಿಲ್ಲ. ಲಿನಕ್ಸ್‌ನ ಎಕ್ಸ್‌ಎಫ್‌ಎಸ್ 512ರ ಲೆಕ್ಕದಲ್ಲಿ ಹುಟ್ಟಿದ್ದರೆ 4ಕೆಎನ್ ಮೇಲೆ ಮೌಂಟ್ ಆಗುವುದಿಲ್ಲ, ಕರ್ನಲ್ ಲಾಗ್‌ನಲ್ಲಿ ಎರಡೂ ಸಂಖ್ಯೆಗಳನ್ನು ಹೇಳಿಯೇ ನಿರಾಕರಿಸುತ್ತದೆ. 4096ರ ಬ್ಲಾಕ್ ಇರುವ ಇಎಕ್ಸ್‌ಟಿ4 ಇವುಗಳಲ್ಲೆಲ್ಲ ಸಾಧು, ಎಲ್ಲಿಟ್ಟರೂ ಹೊಂದಿಕೊಳ್ಳುತ್ತದೆ. ಆದರೂ ಒಂದು ಮೋಸವಿದೆ. 512 ಎಂಐಬಿಗಿಂತ ಚಿಕ್ಕ ಪಾರ್ಟಿಷನ್‌ಗಳಿಗೆ ಇಎಕ್ಸ್‌ಟಿ4 ರಚಿಸುವ ತಂತ್ರಾಂಶ ತಾನಾಗಿಯೇ 1024ರ ಬ್ಲಾಕ್ ಇಡುತ್ತದೆ, ಹಳೆಯ ಲಿನಕ್ಸ್ ಗೆಸ್ಟ್‌ಗಳ ಬೂಟ್ ಪಾರ್ಟಿಷನ್ ಬಹಳ ಸಲ ಅಷ್ಟೇ ಇರುತ್ತದೆ. ದೊಡ್ಡ ಪಾರ್ಟಿಷನ್ ತೆರೆದುಕೊಳ್ಳುತ್ತದೆ, ಚಿಕ್ಕದು ಮುಷ್ಕರ ಹೂಡುತ್ತದೆ. ಇಷ್ಟೆಲ್ಲ ರಿಪೇರಿಗಿಂತ ಫೈಲ್ ಆಗಿ ಇಟ್ಟುಕೊಳ್ಳುವುದೇ ಲೇಸು ಎಂದು ನಾನು ಹೇಳುವುದು ಇದಕ್ಕೇ.

ಯುಎಸ್‌ಬಿ ಪೆಟ್ಟಿಗೆಯ ಸುಳ್ಳು

ಮಂಡಿಗಳಲ್ಲಿ, ಲೆಕ್ಕಪರಿಶೋಧಕರ ಕಚೇರಿಗಳಲ್ಲಿ ಬ್ಯಾಕಪ್ ಇರುವುದು ಯುಎಸ್‌ಬಿ ಪೆಟ್ಟಿಗೆಯೊಳಗಿನ ದೊಡ್ಡ ಡ್ರೈವ್‌ನಲ್ಲಿ. ಪೆಟ್ಟಿಗೆಯ ಅಡಾಪ್ಟರ್ ಕೆಟ್ಟರೆ ಡ್ರೈವನ್ನು ಬಿಚ್ಚಿ ನೇರವಾಗಿ ಮದರ್‌ಬೋರ್ಡ್‌ನ ಸಾಟಾ ಕೇಬಲ್‌ಗೆ ಸಿಕ್ಕಿಸುತ್ತಾರೆ. ಡ್ರೈವ್ ಖಾಲಿ! ಗಾಬರಿ ಬೇಡ. 512ರ ಲೆಕ್ಕದಲ್ಲಿ ಎಂಬಿಆರ್ ಪಟ್ಟಿ 2 ಟಿಐಬಿ ದಾಟಲಾರದು. 32 ಬಿಟ್‌ನ ಸಂಖ್ಯೆಗೆ ಅದೇ ಗಡಿ. ಅದನ್ನು ದಾಟಿಸಲು ಕೆಲವು ಪೆಟ್ಟಿಗೆಗಳು 512ಇ ಡ್ರೈವನ್ನು 4096 ಎಂದು ತೋರಿಸುತ್ತವೆ, ಆಗ ಗಡಿ 16 ಟಿಐಬಿಗೆ ಏರುತ್ತದೆ. ಪೆಟ್ಟಿಗೆ ಹೋಯಿತು, ಸುಳ್ಳೂ ಹೋಯಿತು, ಪಟ್ಟಿ ಮಾತ್ರ ಸುಳ್ಳಿನ ಲೆಕ್ಕದಲ್ಲೇ ಉಳಿಯಿತು. ಅದೇ ಮಾದರಿಯ ಇನ್ನೊಂದು ಪೆಟ್ಟಿಗೆ ಸಿಕ್ಕರೆ ಅದರಲ್ಲಿಟ್ಟು ವಿಎಂ ಇಮೇಜ್‌ಗಳನ್ನು ನಕಲು ಮಾಡಿಕೊಳ್ಳಿ. ಸಿಗದಿದ್ದರೆ ಮೇಲೆ ಹೇಳಿದ ಲೋಸೆಟಪ್, ಸೆಕ್ಟರ್ 4096.

ಇಡೀ ಡಿಸ್ಕನ್ನು ವಿಎಂಗೆ ಕೊಟ್ಟವರಿಗೆ

ಹೋಸ್ಟ್‌ನಲ್ಲಿ 4ಕೆಎನ್ ಡ್ರೈವನ್ನು ಪಾರ್ಟಿಷನ್ ಮಾಡಿ, ಕಡತ ತುಂಬಿ, ಆ ಡ್ರೈವನ್ನು ಹಾಗೆಯೇ ವರ್ಟ್‌ಐಒ ಡಿಸ್ಕ್ ಆಗಿ ಗೆಸ್ಟ್‌ಗೆ ಕೊಟ್ಟರೆ ಗೆಸ್ಟ್‌ಗೆ ಏನೂ ಕಾಣುವುದಿಲ್ಲ. ಇಲ್ಲಿಯೂ ಅಳತೆ ಹೇಳುತ್ತಿರುವುದು ಕ್ಯೂಎಮು, ಡ್ರೈವ್ ಅಲ್ಲ. ಕ್ಯೂಎಮು ವಿಎಂಗಳನ್ನು ನಿರ್ವಹಿಸುವ ಲಿಬ್‌ವರ್ಟ್‌ನ ಡಿಸ್ಕ್ ವಿವರಣೆಯಲ್ಲಿ ಬ್ಲಾಕ್‌ಐಒ ಎಂಬ ಅಂಶ ಸೇರಿಸಿ ತಾರ್ಕಿಕ, ಭೌತಿಕ ಎರಡಕ್ಕೂ 4096 ಬರೆದರೆ ಸರಿಹೋಗುತ್ತದೆ. ಇಲ್ಲವೇ ಡಿಸ್ಕ್‌ನ ಬಗೆಯನ್ನು ‘ಲುನ್’ ಮಾಡಿ ಸ್ಕಸಿ ಆದೇಶಗಳು ನೇರವಾಗಿ ಡ್ರೈವ್‌ಗೆ ಹೋಗುವಂತೆ ಬಿಡಬೇಕು. ಐಡಿಇ ಜೋಡಣೆಯಲ್ಲಿ 4096 ಕೊಟ್ಟರೆ ಕ್ಯೂಎಮು ಒಪ್ಪುವುದೇ ಇಲ್ಲ. ಕ್ಯೂಎಮುವಿನ ಹಳೆಯ ಬಯಾಸ್ ಆದ ಸೀಬಯಾಸ್ ಇಂಥ ಡಿಸ್ಕ್‌ನಿಂದ ಬೂಟ್ ಮಾಡುವುದಿಲ್ಲ, ಯುಇಎಫ್‌ಐ ಬೇಕೇ ಬೇಕು.

ಈಗಾಗಲೇ 512ರಲ್ಲಿ ಸ್ಥಾಪನೆಯಾದ ಗೆಸ್ಟ್‌ಗೆ ‘ಹೊಸ ಡ್ರೈವ್ 4096, ಹೀಗಾಗಿ ಇದಕ್ಕೂ 4096 ಇರಲಿ’ ಎಂದು ತಾರ್ಕಿಕ ಅಳತೆ ಬದಲಿಸುವ ಉತ್ಸಾಹ ಬೇಡ. ಮರುದಿನ ಅದು ಏಳುವುದಿಲ್ಲ. ತಾರ್ಕಿಕವನ್ನು 512ರಲ್ಲೇ ಬಿಟ್ಟು ಭೌತಿಕವನ್ನು ಮಾತ್ರ 4096 ಮಾಡಬಹುದು.

ಹೈಪರ್-ವಿಯ ವಿಎಚ್‌ಡಿಎಕ್ಸ್‌ನಲ್ಲಿ ಕಥೆ ಬೇರೆ: ಎರಡೂ ಅಳತೆಗಳು ಫೈಲಿನೊಳಗೇ ಇರುತ್ತವೆ, ಪವರ್‌ಶೆಲ್‌ನ ಗೆಟ್-ವಿಎಚ್‌ಡಿ ಅವನ್ನು ತೋರಿಸುತ್ತದೆ. ಸೆಟ್-ವಿಎಚ್‌ಡಿಯಿಂದ ಬದಲಿಸಲು ಸಾಧ್ಯವಿರುವುದು ಭೌತಿಕ ಅಳತೆ ಮಾತ್ರ. ತಾರ್ಕಿಕ ಅಳತೆ ಫೈಲ್ ರಚಿಸುವಾಗ ನಿರ್ಧಾರವಾದದ್ದು. ಬೇರೆ ಬೇಕೆಂದರೆ ಹೊಸ ವಿಎಚ್‌ಡಿಎಕ್ಸ್ ರಚಿಸಿ, ಎರಡನ್ನೂ ಜೋಡಿಸಿ, ಕಡತಗಳನ್ನು ಒಂದರಿಂದ ಇನ್ನೊಂದಕ್ಕೆ ಸಾಗಿಸಬೇಕು.

ಏಳುತ್ತದೆ, ಆದರೆ ತೆವಳುತ್ತದೆ

512ಇ ಡ್ರೈವ್‌ಗೆ ಬಂದ ಎಕ್ಸ್‌ಪಿ ವಿಎಂನ ದೂರು ಸಾಮಾನ್ಯವಾಗಿ ಇದು. ಪೇಜ್‌ಮೇಕರ್‌ನಲ್ಲಿ ‘ಸೇವ್’ ಒತ್ತಿದರೆ ಮರಳುಗಡಿಯಾರ ನಿಂತೇ ಇರುತ್ತದೆ. ಪಾರ್ಟಿಷನ್ 63ರಲ್ಲಿ ಶುರುವಾದ್ದರಿಂದ ಎನ್‌ಟಿಎಫ್‌ಎಸ್‌ನ ಪ್ರತಿ 4096 ಬೈಟ್‌ನ ಕ್ಲಸ್ಟರ್ ಕೆಳಗಿನ ಎರಡೆರಡು ಭೌತಿಕ ಸೆಕ್ಟರ್‌ಗಳ ಮೇಲೆ ಕಾಲು ಚಾಚಿ ಕೂತಿರುತ್ತದೆ. ಒಂದು ಕ್ಲಸ್ಟರ್ ಬರೆಯಲು ಡ್ರೈವ್ ಹಳೆಯ ಸೆಕ್ಟರ್‌ಗಳನ್ನು ಓದಿ, ಮೆಮೊರಿಯಲ್ಲಿ ತಿದ್ದಿ, ತಟ್ಟೆ ಒಂದು ಸುತ್ತು ತಿರುಗಿ ಬರುವವರೆಗೆ ಕಾದು ಮತ್ತೆ ಬರೆಯಬೇಕು. ನಿಮಿಷಕ್ಕೆ 7200 ಸುತ್ತಿನ ಡ್ರೈವ್‌ನಲ್ಲಿ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್. ಚಿಕ್ಕಚಿಕ್ಕ ಬರಹಗಳು ನೂರಾರು ಬಂದಾಗ ಇದು ಕಣ್ಣಿಗೆ ಹೊಡೆಯುತ್ತದೆ. ಕ್ಯಾಶ್ ‘ನನ್’ ಇದ್ದರೆ ಇನ್ನೂ ಹೆಚ್ಚು.

ಪರೀಕ್ಷೆ: ಗೆಸ್ಟ್‌ನ ಪಾರ್ಟಿಷನ್ ಆರಂಭವನ್ನು 8ರಿಂದ ಭಾಗಿಸಿ. ಶೇಷ ಉಳಿದರೆ ಕಾರಣ ಅದೇ. ಇಮೇಜ್‌ನ ಪ್ರತಿ ತೆಗೆದಿಟ್ಟು, ಜಿಪಾರ್ಟೆಡ್ ಇರುವ ಲೈವ್ ಐಎಸ್‌ಒದಿಂದ ವಿಎಂ ಎಬ್ಬಿಸಿ, ಪಾರ್ಟಿಷನ್ನನ್ನು 2048ಕ್ಕೆ ಸರಿಸಿ. ಎನ್‌ಟಿಎಫ್‌ಎಸ್ ತನ್ನ ಮೊದಲ ಸೆಕ್ಟರ್‌ನಲ್ಲಿ ತಾನೆಲ್ಲಿ ಶುರುವಾಗುತ್ತೇನೆಂದು ಬರೆದಿಟ್ಟುಕೊಂಡಿರುವುದನ್ನೂ ಜಿಪಾರ್ಟೆಡ್ ತಿದ್ದುತ್ತದೆ. ಬರಿ ಡಿಡಿಯಿಂದ ಸರಿಸಿದರೆ ಅದು ಹಾಗೆಯೇ ಉಳಿದು ಎಕ್ಸ್‌ಪಿ ಬೂಟ್ ಆಗುವುದಿಲ್ಲ.

ಲೆಕ್ಕದ ವಿಎಂನಲ್ಲಿ ಎಸ್‌ಕ್ಯೂಎಲ್ ಸರ್ವರ್ ಇದ್ದರೆ ಇನ್ನೊಂದು ಬಗೆ ಕಾಣಬಹುದು. ವಿಂಡೋಸ್ ಚೆನ್ನಾಗಿ ಏಳುತ್ತದೆ, ಡೇಟಾಬೇಸ್ ಮಾತ್ರ 5178 ಸಂಖ್ಯೆಯ ದೋಷ ಕೊಟ್ಟು ತೆರೆಯಲು ಒಪ್ಪುವುದಿಲ್ಲ. ಅದರ ಫೈಲ್ 512ರ ಅಳತೆಯಲ್ಲಿ ಹುಟ್ಟಿ ಈಗ 4096ರ ಮೇಲಿದೆ ಎಂದು ಅರ್ಥ. ಮೊದಲಿನಷ್ಟೇ ಅಥವಾ ಅದಕ್ಕಿಂತ ಚಿಕ್ಕ ಅಳತೆಯ ಡಿಸ್ಕ್‌ಗೆ ಹಾಕಿದರೆ ತೆರೆಯುತ್ತದೆ. ವಿಎಂಗೆ ಭೌತಿಕವನ್ನೂ 512 ಎಂದು ಕೊಡುವ ಸಂದರ್ಭ ಇದೊಂದೇ ಎನ್ನಬಹುದು.

ಡ್ರೈವ್ ಇನ್ನೂ ಖಾಲಿಯಿದ್ದರೆ

ನಕಲು ಶುರುವಾಗುವ ಮುಂಚೆ ಅಳತೆ ನೋಡಿದವರಿಗೆ ಇನ್ನೊಂದು ಅನುಕೂಲವಿದೆ: ಡ್ರೈವ್‌ನ ಉತ್ತರವನ್ನೇ ಬದಲಿಸುವುದು. ಅನೇಕ ಎನ್‌ವಿಎಂಇ ಡ್ರೈವ್‌ಗಳು 512, 4096 ಎರಡನ್ನೂ ಬಲ್ಲವು. ಎನ್‌ವಿಎಂಇ ಉಪಕರಣದ ಐಡಿ-ಎನ್‌ಎಸ್ ಕಮಾಂಡ್ ಅವುಗಳ ಪಟ್ಟಿ ಕೊಡುತ್ತದೆ, ಫಾರ್ಮ್ಯಾಟ್ ಕಮಾಂಡ್‌ನಿಂದ ಬೇಕಾದದ್ದನ್ನು ಆರಿಸಬಹುದು. ಕೆಲವು ಸಾಟಾ ಹಾರ್ಡ್ ಡಿಸ್ಕ್‌ಗಳಲ್ಲಿ ಎಚ್‌ಡಿಪಾರ್ಮ್‌ನ ಸೆಟ್-ಸೆಕ್ಟರ್-ಸೈಜ್, ಎಸ್‌ಎಎಸ್ ಡ್ರೈವ್‌ಗಳಲ್ಲಿ ಎಸ್‌ಜಿ-ಫಾರ್ಮ್ಯಾಟ್ ಈ ಕೆಲಸ ಮಾಡುತ್ತವೆ. ಇವುಗಳಲ್ಲಿ ಯಾವುದನ್ನು ಓಡಿಸಿದರೂ ಡ್ರೈವ್‌ನಲ್ಲಿದ್ದದ್ದೆಲ್ಲ ಹೋಯಿತೆಂದೇ ಲೆಕ್ಕ, ಆದ್ದರಿಂದ ಕಮಾಂಡ್ ಒತ್ತುವ ಮುಂಚೆ ಡ್ರೈವ್‌ನ ಸೀರಿಯಲ್ ಸಂಖ್ಯೆಯನ್ನು ಚೀಟಿಯೊಂದಿಗೆ ಹೋಲಿಸಿಕೊಳ್ಳಿ. ಡ್ರೈವ್‌ಗಳ ಹೆಸರಿನ ಕೊನೆಯ ಅಕ್ಷರ ಕಂಪ್ಯೂಟರ್ ಮರುಪ್ರಾರಂಭವಾದಾಗ ಅದಲುಬದಲಾಗಬಹುದು. ಎಸ್‌ಜಿ-ಫಾರ್ಮ್ಯಾಟ್ ದೊಡ್ಡ ಡ್ರೈವ್‌ಗೆ ಗಂಟೆಗಟ್ಟಲೆ ಹಿಡಿಯುತ್ತದೆ, ನಡುವೆ ಕರೆಂಟ್ ಹೋಗದಂತೆ ಯುಪಿಎಸ್ ಮೇಲೆ ಇಡಿ. ಮತ್ತು ಇದನ್ನು ಯುಎಸ್‌ಬಿ ಪೆಟ್ಟಿಗೆಯೊಳಗಿಟ್ಟು ಮಾಡಲು ಹೋಗಬೇಡಿ. ಪೆಟ್ಟಿಗೆಯ ಚಿಪ್ ಆ ಆದೇಶವನ್ನು ಡ್ರೈವ್‌ಗೆ ದಾಟಿಸದಿರಬಹುದು. ನೇರ ಕೇಬಲ್‌ನಲ್ಲೇ ಮಾಡಿ, ಮುಗಿದ ಮೇಲೆ ವಿದ್ಯುತ್ ತೆಗೆದು ಮತ್ತೆ ಕೊಟ್ಟು, ಎಲ್‌ಎಸ್‌ಬಿಎಲ್‌ಕೆಯಲ್ಲಿ ಹೊಸ ಸಂಖ್ಯೆ ಬಂದಿದೆಯೇ ನೋಡಿ, ಆಮೇಲೆ ಇಮೇಜ್ ಸುರಿಯಿರಿ.